ಗುರು ಮರಳಿ ಬರುವ ಹೊತ್ತಿಗೆ

ತುಂಗಭದ್ರೆಗೆ ಪುಷ್ಕರ ಒದಗುವುದು ಹನ್ನೆರಡು ವರ್ಷಕ್ಕೊಮ್ಮೆ, ಗುರುಗ್ರಹವು ಮಕರರಾಶಿಯನ್ನು ಪ್ರವೇಶಿಸಿದಾಗ. 2008ರ ಡಿಸೆಂಬರಿನಲ್ಲಿ ನನ್ನ ತಾಯಿಯನ್ನು ಪುಷ್ಕರಸ್ನಾನಕ್ಕೆಂದು ಹದಡಿಯಿಂದ ಹರಿಹರಕ್ಕೆ ಕರೆದೊಯ್ದಿದ್ದೆ. ಮಿಂದು ಮೇಲೆ ಬಂದು ಸೆರಗನ್ನು ಹಿಂಡುತ್ತ ಆಕೆ ಕೇಳಿದಳು: "ಅಲ್ಲಪ್ಪಾ, ಒಂದು ಸುತ್ತು ಬರಾಕ ಗುರುವಿಗೆ ಹನ್ನೆರಡು ವರ್ಷ ಯಾಕ ಬೇಕು? ಒಂದಿಷ್ಟು ಬೇಗ ಬರಬಾರದ?"

ಮಕ್ಕಳಿಗೆ ವಿಜ್ಞಾನವನ್ನು ಕಲಿಸುತ್ತಿದ್ದ ನನಗೆ ಉತ್ತರ ನಾಲಗೆಯ ತುದಿಯಲ್ಲಿಯೇ ಇತ್ತು. ಆಕೆ ಬಲ್ಲ ಕಣದ ಮಾತನ್ನೇ ಎತ್ತಿದೆ. ಮೇಟಿಗೆ ದಾವಣಿ ಕಟ್ಟಿ ಎತ್ತುಗಳನ್ನು ಸುತ್ತಿಸುವಾಗ ಒಳಗಿನ ಎತ್ತಿಗೆ ದಾರಿ ಕಿರಿದು, ಹೊರಗಿನದಕ್ಕೆ ಹಿರಿದು. ಒಂದೇ ಹಗ್ಗಕ್ಕೆ ಬಿಗಿದಿರುವುದರಿಂದ ಹೊರಗಿನ ಎತ್ತು ಓಡಿಯಾದರೂ ಜೊತೆಗೂಡುತ್ತದೆ. ಆಕಾಶದ ಕಣದಲ್ಲಿ ಅಂತಹ ದಾವಣಿಯಿಲ್ಲ. ಸೂರ್ಯನಿಂದ ದೂರ ಸರಿದಂತೆ ಅವನ ಸೆಳೆತ ಕುಗ್ಗುತ್ತದೆ. ದಾರಿಯೂ ಉದ್ದ, ನಡೆಯೂ ಮಂದ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರು ಸಾಗಿದರೆ ಗುರು ಸಾಗುವುದು 13 ಮಾತ್ರ.

ಈ ಲೆಕ್ಕದ ಸೂತ್ರವನ್ನು ಕೆಪ್ಲರನು 1619ರಲ್ಲಿ ಪ್ರಕಟಿಸಿದನು: ಪ್ರದಕ್ಷಿಣಾಕಾಲದ ವರ್ಗವು ದೂರದ ಘನಕ್ಕೆ ಅನುಗುಣವಾಗಿರುತ್ತದೆ. ಗುರುವಿನ ದೂರ ಭೂಮಿಯದರ 5.2 ಮಡಿ. ಅದರ ಘನ ಸುಮಾರು 141. ವರ್ಗಮೂಲ ತೆಗೆದರೆ 11.86 ವರ್ಷ. ಬುಧನಿಗೆ 88 ದಿನ, ಶುಕ್ರನಿಗೆ 225, ಮಂಗಳನಿಗೆ 687 ದಿನ ಸಾಕು. ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು; ಮೆಲ್ಲನೆ ಚರಿಸುವವನಾದ್ದರಿಂದಲೇ ಅವನು ಶನೈಶ್ಚರ. ಯುರೇನಸ್ಸಿಗೆ 84 ವರ್ಷ, ನೆಪ್ಚೂನಿಗೆ 165. 1846ರಲ್ಲಿ ಕಂಡುಬಂದ ನೆಪ್ಚೂನು ಅಂದಿನಿಂದ ಒಂದು ಸುತ್ತನ್ನು ಮುಗಿಸಿದ್ದು 2011ರಲ್ಲಿ. ಹರಿಹರೇಶ್ವರನ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ್ದು 1224ರ ಸುಮಾರಿಗೆ. ಈ ಎಂಟುನೂರು ವರ್ಷಗಳಲ್ಲಿ ಗುರು ಅರವತ್ತೇಳು ಸುತ್ತು ಬಂದಿದ್ದಾನೆ. ನೆಪ್ಚೂನಿಗೆ ಐದು ಸುತ್ತೂ ತುಂಬಿಲ್ಲ.

ತಾಯಿ ಎಲ್ಲವನ್ನೂ ಕೇಳಿ, "ಹಂಗಾದ್ರ ಅವನು ಬಂದಾಗ ನೀನು ಬಾ" ಎಂದಳು. ನಾನು ನಕ್ಕುಬಿಟ್ಟೆ.

2020ರ ನವೆಂಬರಿನಲ್ಲಿ ಗುರು ಲೆಕ್ಕ ತಪ್ಪದೆ ಮಕರಕ್ಕೆ ಬಂದ. ತಾಯಿ ಇರಲಿಲ್ಲ. ಮಹಾಮಾರಿಯ ದಿನಗಳಾದ್ದರಿಂದ ನಾನೂ ಹರಿಹರಕ್ಕೆ ಹೋಗಲಿಲ್ಲ. ಆದರೆ ಡಿಸೆಂಬರ್ 21ರ ಸಂಜೆ ಹದಡಿಯ ಕೆರೆಯ ಏರಿಯ ಮೇಲೆ ನಿಂತೆ. ನೈಋತ್ಯದ ಅಂಚಿನಲ್ಲಿ ಗುರು ಶನಿಗಳೆರಡೂ ಒಂದೇ ಚುಕ್ಕಿಯೆಂಬಂತೆ ಕೂಡಿದ್ದವು. ನಡುವಣ ಅಂತರ ಒಂದು ಡಿಗ್ರಿಯ ಹತ್ತನೆಯ ಪಾಲು. ಅಷ್ಟು ಸಮೀಪ ಅವು ಬಂದದ್ದು 1623ರ ಬಳಿಕ ಅದೇ ಮೊದಲು. ಕಣ್ಣಿಗೆ ಹಾಗೆ ಕಂಡರೂ ಅವುಗಳ ನಡುವೆ 70 ಕೋಟಿ ಕಿಲೋಮೀಟರಿಗೂ ಮಿಗಿಲಾದ ಬಯಲಿತ್ತು.

ವೇಗಿಯಾದ ಗುರು ಶನಿಯನ್ನು ಹಿಂದಿಕ್ಕುವುದು ಇಪ್ಪತ್ತು ವರ್ಷಕ್ಕೊಮ್ಮೆ. ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು ಹೆಚ್ಚುಕಡಿಮೆ ಅರವತ್ತು ವರ್ಷಕ್ಕೆ ಸರಿಹೊಂದುತ್ತವೆ. ನಮ್ಮ ಸಂವತ್ಸರಗಳೂ ಅರವತ್ತೇ. ಮನುಷ್ಯನ ಒಂದು ಆಯುಷ್ಯಕ್ಕೆ ಅಷ್ಟು ಸಾಕೆಂದು ಹಿರಿಯರು ಎಣಿಸಿದ್ದರೋ ಏನೋ.

ಮುಂದಿನ ಪುಷ್ಕರ 2032ಕ್ಕೆ. ಮೊಮ್ಮಗಳಿಗೆ ಆಗ ಹದಿನೈದು ತುಂಬಿರುತ್ತದೆ. ಕೆಪ್ಲರನ ಸೂತ್ರವನ್ನು ಅವಳಿಗೆ ಈಗಲೇ ಹೇಳಿಕೊಡುತ್ತಿದ್ದೇನೆ. ಜೊತೆಗೆ, ಗುರು ಬಂದಾಗ ಹರಿಹರಕ್ಕೆ ಹೋಗಿ ಬರಬೇಕೆಂದೂ.