ಒಂದು ಕಾರ್ಡು, ಹಲವು ವಿಳಾಸಗಳು

ಕೂಡುಕುಟುಂಬದ ಮನೆಗೆ ಬಾಗಿಲು ಒಂದೇ; ಆದರೆ ಅಂಚೆಯವನು ತರುವ ಕಾಗದಗಳಲ್ಲಿ ಅಣ್ಣನ ಹೆಸರಿಗೊಂದು, ತಮ್ಮನ ಹೆಸರಿಗೊಂದು ಇರುತ್ತದೆ. ಗಣಕಯಂತ್ರದ ನೆಟ್‌ವರ್ಕ್ ಕಾರ್ಡೂ ಇಂತಹ ಬಾಗಿಲೇ. ಒಂದು ಕಾರ್ಡಿಗೆ ಒಂದೇ ವಿಳಾಸವೆಂದು ಅನೇಕರು ನಂಬಿರುತ್ತಾರೆ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆನು.

ಇಲ್ಲಿ ಎರಡು ಬಗೆಯ ವಿಳಾಸಗಳಿವೆಯೆಂಬುದನ್ನು ಮೊದಲು ಗಮನಿಸಬೇಕು. ಕಾರ್ಡಿಗೆ ಅದರ ತಯಾರಕರು ಕೊಟ್ಟ ೪೮ ಬಿಟ್‌ಗಳ ಸಂಖ್ಯೆಯೊಂದಿರುತ್ತದೆ. ಇದು ಮ್ಯಾಕ್ ವಿಳಾಸ. ತಂತಿಯ ಮೇಲೆ ಬಂದ ಮಾಹಿತಿಯ ಪೊಟ್ಟಣ ತನ್ನದೋ ಅಲ್ಲವೋ ಎಂದು ಕಾರ್ಡು ನಿರ್ಧರಿಸುವುದು ಇದರಿಂದ. ೧೯೨.೧೬೮.೧.೨೦ ಎಂಬಂತಹ ಐಪಿ ವಿಳಾಸವಾದರೋ ೩೨ ಬಿಟ್‌ಗಳದು. ಅದನ್ನು ಬಲ್ಲದ್ದು ಕಾರ್ಡಲ್ಲ, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್.

ಹಾಗಾದರೆ ಐಪಿ ವಿಳಾಸವನ್ನು ಹೊತ್ತ ಪೊಟ್ಟಣ ಸರಿಯಾದ ಕಾರ್ಡನ್ನು ಮುಟ್ಟುವುದು ಹೇಗೆ? ೧೯೮೨ರಲ್ಲಿ ಡೇವಿಡ್ ಪ್ಲಮ್ಮರ್ ವಿವರಿಸಿದ ಎಆರ್‌ಪಿ ಎಂಬ ಕ್ರಮ ಇಲ್ಲಿ ನೆರವಾಗುತ್ತದೆ. ಕಳುಹಿಸುವ ಯಂತ್ರವು 'ಈ ಐಪಿ ವಿಳಾಸ ಯಾರದು?' ಎಂದು ತನ್ನ ಜಾಲದಲ್ಲೆಲ್ಲ ಕೂಗಿ ಕೇಳುತ್ತದೆ. ಅದನ್ನುಳ್ಳ ಯಂತ್ರ 'ನನ್ನದು; ನನ್ನ ಮ್ಯಾಕ್ ವಿಳಾಸ ಇಂಥದು' ಎಂದು ಓಗೊಡುತ್ತದೆ. ಒಂದೇ ಯಂತ್ರ ಎರಡು ಕೂಗುಗಳಿಗೆ ಓಗೊಟ್ಟರೆ ತಡೆಯುವವರಾರು? ಹಲವು ವಿಳಾಸಗಳ ಗುಟ್ಟೆಲ್ಲ ಇಷ್ಟೆ.

ಈ ಸೌಲಭ್ಯ ಒಂದು ಕಾಲಕ್ಕೆ ಅನಿವಾರ್ಯವಾಗಿತ್ತು. ತಾನು ಕೇಳುತ್ತಿರುವ ತಾಣದ ಹೆಸರನ್ನು ಬ್ರೌಸರು ತಿಳಿಸಲೇಬೇಕೆಂಬ ನಿಯಮ ಬಂದದ್ದು ೧೯೯೭ರಲ್ಲಿ, ಎಚ್‌ಟಿಟಿಪಿಯ ೧.೧ನೆಯ ಆವೃತ್ತಿಯೊಡನೆ. ಅದಕ್ಕೆ ಮುನ್ನ ಒಂದೇ ಯಂತ್ರದಲ್ಲಿ ಹತ್ತು ತಾಣಗಳನ್ನಿಡಲು ಸಾಮಾನ್ಯವಾಗಿ ಹತ್ತು ವಿಳಾಸಗಳೇ ಬೇಕಾಗುತ್ತಿದ್ದವು.

ನನಗೆ ಇದರ ಅಗತ್ಯ ಬಿದ್ದದ್ದು ಪ್ರಾಯೋಗಿಕ ಪರೀಕ್ಷೆಯ ಹಿಂದಿನ ವಾರ. ವಿದ್ಯಾರ್ಥಿಗಳ ಅಳತೆಗಳನ್ನೆಲ್ಲ ಕೂಡಿಡುತ್ತಿದ್ದ ನಮ್ಮ ಪ್ರಯೋಗಶಾಲೆಯ ಹಳೆಯ ಯಂತ್ರ ಕೆಟ್ಟುಹೋಯಿತು. ಅದರ ವಿಳಾಸದ ಕೊನೆಯ ಅಂಕೆ ೧೦. ಅದರ ಪ್ರತಿಯನ್ನು ಇಟ್ಟುಕೊಂಡಿದ್ದ ಇನ್ನೊಂದು ಯಂತ್ರದ್ದು ೨೦. ಪ್ರಯೋಗಶಾಲೆಯ ಯಂತ್ರಗಳೆಲ್ಲ ೧೦ನ್ನೇ ಹುಡುಕುತ್ತಿದ್ದವು. ಅವೆಲ್ಲವನ್ನೂ ತಿದ್ದುವ ಬದಲು, ಉಳಿದ ಯಂತ್ರದ ಕಾರ್ಡಿಗೆ ೧೦ನ್ನು ಎರಡನೆಯ ವಿಳಾಸವಾಗಿ ಸೇರಿಸಿದೆನು. ಲಿನಕ್ಸಿನಲ್ಲಿ ಇದಕ್ಕೆ 'ಐಪಿ' ಎಂಬ ಆಜ್ಞೆಯ ಒಂದೇ ಸಾಲು ಸಾಕು. ಕೆಲಸ ಸುಗಮವಾಗಿ ಸಾಗಿತು.

ಮೂರು ದಿನಗಳ ತರುವಾಯ ೨೦ರ ಅಂಕೆ ಬೇರೊಂದು ಯಂತ್ರಕ್ಕೆ ಬೇಕಾಯಿತು. ಮಹಡಿಯ ಕೊಠಡಿಯಲ್ಲಿ ಕುಳಿತು, ೧೦ರ ಮೂಲಕವೇ ಆ ಯಂತ್ರವನ್ನು ಸೇರಿ, ೨೦ನ್ನು ಅಳಿಸುವಂತೆ ಆಜ್ಞಾಪಿಸಿದೆನು. ಮರುಗಳಿಗೆಯೇ ಪರದೆ ಸ್ತಬ್ಧವಾಯಿತು; ಕೆಳಗೆ ಅಭ್ಯಾಸ ಮಾಡುತ್ತಿದ್ದ ವಿದ್ಯಾರ್ಥಿಗಳ ಯಂತ್ರಗಳೂ ಮೂಕವಾದವು. ಅಳಿಸಿದ್ದು ೨೦ನ್ನು, ೧೦ ಎಲ್ಲಿ ಹೋಯಿತು?

ಕಾರಣವನ್ನು ಆಮೇಲೆ ತಿಳಿದೆನು. ಒಂದು ಕಾರ್ಡಿಗೆ ಒಂದೇ ಉಪಜಾಲದ ಎರಡು ವಿಳಾಸಗಳನ್ನು ಕೊಟ್ಟಾಗ ಲಿನಕ್ಸ್ ಮೊದಲನೆಯದನ್ನು ಪ್ರಧಾನವೆಂದೂ ನಂತರದ್ದನ್ನು ಗೌಣವೆಂದೂ ಎಣಿಸುತ್ತದೆ. ಯಂತ್ರ ತಾನಾಗಿ ಹೊರಗೆ ಬರೆಯುವ ಕಾಗದಗಳ ಮೇಲೆ ಸಾಮಾನ್ಯವಾಗಿ ಪ್ರಧಾನದ ಹೆಸರೇ ಇರುತ್ತದೆ. ಪ್ರಧಾನವನ್ನು ಅಳಿಸಿದರೆ ಅದರಡಿಯ ಗೌಣಗಳೆಲ್ಲ ತಾವಾಗಿ ಅಳಿಯುತ್ತವೆ. ಹಿರಿಯನು ಮನೆ ಬಿಟ್ಟನೆಂದು ಮಕ್ಕಳನ್ನೂ ಹೊರಗಟ್ಟುವ ಈ ಏರ್ಪಾಡು ನನಗಂತೂ ಒಪ್ಪಿಗೆಯಾಗದು. ಉಪಜಾಲಗಳು ಬೇರೆಬೇರೆಯಾಗಿದ್ದರೆ ಮಾತ್ರ ಎರಡೂ ಪ್ರಧಾನಗಳೇ, ಒಂದರ ಗೊಡವೆ ಇನ್ನೊಂದಕ್ಕಿಲ್ಲ.

ಕೆಳಗಿಳಿದು ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ೨೦ ಮರಳಿತು, ೧೦ ಮರಳಲಿಲ್ಲ. ಆಜ್ಞೆಯಿಂದ ಸೇರಿಸಿದ ವಿಳಾಸ ಕರ್ನೆಲಿನ ನೆನಪಿನಲ್ಲಷ್ಟೇ ಇರುತ್ತದೆ; ಶಾಶ್ವತವಾಗಬೇಕಾದರೆ ಜಾಲವ್ಯವಸ್ಥೆಯ ಕಡತದಲ್ಲಿಯೂ ಅದನ್ನು ಬರೆದಿಡಬೇಕು. ಈ ಸಲ ಕಡತದಲ್ಲಿ ೧೦ನ್ನೇ ಮೊದಲನೆಯದಾಗಿ ಬರೆದೆನು.

ಪ್ರಧಾನವು ಹೋದಾಗ ಗೌಣವೊಂದು ಆ ಸ್ಥಾನಕ್ಕೇರುವಂತೆ ಮಾಡುವ ಗುಂಡಿಯೂ ಕರ್ನೆಲಿನಲ್ಲಿದೆ. 'ಪ್ರಮೋಟ್ ಸೆಕೆಂಡರೀಸ್' ಎಂದು ಅದರ ಹೆಸರು. ಅದರ ಬೆಲೆ ೦ ಇದ್ದರೆ ಹಳೆಯ ಪದ್ಧತಿ, ೧ ಇದ್ದರೆ ಬಡ್ತಿ. ಇಂದಿನ ಅನೇಕ ಲಿನಕ್ಸ್ ವಿತರಣೆಗಳು ಅದನ್ನು ೧ ಎಂದೇ ಇರಿಸಿರುತ್ತವೆ. ನಮ್ಮ ಹಳೆಯ ಯಂತ್ರದಲ್ಲಿ ಅದು ೦ ಆಗಿತ್ತು.