ನಿಮಗಿದು ಗೊತ್ತೆ? ಬಂದೂಕಿನ ಹಳೆಯ ಮರೆಬಣ್ಣ ತುಕ್ಕು!

ವಯನಾಡಿನ ಪುಲ್ಪಳ್ಳಿ ಸಮೀಪದ ಮಾವಿಲತ್ತೋಡಿನ ಬಳಿ 1805ರ ನವೆಂಬರ್ 30ರಂದು ಪಳಶ್ಶಿರಾಜ ಬ್ರಿಟಿಷರ ವಿರುದ್ಧದ ಕಾಡುಕಾಳಗದಲ್ಲಿ ಪ್ರಾಣ ತೆತ್ತ. ಇಂಥ ಕಾಳಗದಲ್ಲಿ ಬಿಸಿಲಿಗೆ ಫಳಕ್ಕನೆ ಮಿಂಚುವ ನಳಿಗೆ ಅಡಗಿ ಕೂತವನ ಜಾಗವನ್ನು ಹೇಳಿಬಿಡುತ್ತದೆ. ಆದರೂ ಆಗಿನ ಬ್ರಿಟಿಷ್ ಕಾಲಾಳುಗಳ ಮಸ್ಕೆಟ್ ನಳಿಗೆಗಳನ್ನು ಉಜ್ಜಿ ಬೆಳಗಿಸಿಡುವುದೇ ಶಿಸ್ತು!

1800ರ ಹೊತ್ತಿಗೆ ಅದೇ ಸೇನೆಗೆ ಬಂದ ಬೇಕರ್ ರೈಫಲ್‌ನ ನಳಿಗೆ ಮಾತ್ರ ಕಂದು. ಕಬ್ಬಿಣಕ್ಕೆ ರಾಸಾಯನಿಕ ಸವರಿ ಬೇಕೆಂದೇ ತುಕ್ಕು ಹಿಡಿಸಿ, ಪುಡಿ ತುಕ್ಕನ್ನು ತಿಕ್ಕಿ ತೆಗೆದು, ಮತ್ತೆ ಸವರಿ, ಕೊನೆಗೆ ಎಣ್ಣೆ ಹಚ್ಚುತ್ತಿದ್ದರು. ಹೊಳಪೂ ಅಡಗಿತು, ಮುಂದಿನ ತುಕ್ಕಿಗೂ ತಡೆಯಾಯಿತು. ಎಂಥ ಜಾಣ ಉಪಾಯ!

ಇಂದು ಆ ಕೆಲಸಕ್ಕೆ ಸೆರಾಮಿಕ್ ಬೆರೆತ ಬಣ್ಣಗಳೂ ಇವೆ. ಜಿಡ್ಡು ಪೂರ್ತಿ ತೆಗೆದು, ಮರಳಿನಂಥ ಕಣಗಳನ್ನು ರಭಸದಿಂದ ಹಾಯಿಸಿ ಲೋಹವನ್ನು ತರಿತರಿ ಮಾಡಿದರಷ್ಟೇ ಬಣ್ಣ ಕಚ್ಚುತ್ತದೆ. ತೆಳುವಾಗಿ ಸಿಂಪಡಿಸಿ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ನ ಒಲೆಯಲ್ಲಿ 2 ಗಂಟೆ ಕಾಯಿಸುತ್ತಾರೆ. ಪ್ಲಾಸ್ಟಿಕ್ ಭಾಗಗಳಿಗೆ ಅಷ್ಟು ಕಾವು ಸಲ್ಲದು. ಬಣ್ಣ ಹಸಿರೋ ಕಂದೋ, ಮೇಲ್ಮೈ ಮಾತ್ರ ಮಂಕಾಗಿರಲೇಬೇಕು. ನಳಿಗೆಯ ಒಳಮೈಗಂತೂ ಬಣ್ಣದ ಹನಿಯೂ ತಾಗಕೂಡದು.