ಒಂದು ಆಣೆಗೆ ಎಷ್ಟು ನಯಾಪೈಸೆ?

1957ರ ಏಪ್ರಿಲ್ 1ಕ್ಕೆ ಮೊದಲು ನಮ್ಮ ದೇಶದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಲೆಕ್ಕದ ಪುಸ್ತಕದಲ್ಲಿ ಮೂರು ಕಾಲಂ. ಗೆಳೆಯರೇ, 3 ರೂಪಾಯಿ 11 ಆಣೆ 9 ಪೈಗೆ 2 ರೂಪಾಯಿ 7 ಆಣೆ 6 ಪೈ ಕೂಡಿಸಿ ನೋಡಿ. ಉತ್ತರ 6 ರೂಪಾಯಿ 3 ಆಣೆ 3 ಪೈ. ಕ್ಯಾಲ್ಕ್ಯುಲೇಟರ್ ಇಲ್ಲದೆ ಇಡೀ ಲೆಡ್ಜರನ್ನು ಹೀಗೆ ಕೂಡಿಸುತ್ತಿದ್ದ ಗುಮಾಸ್ತರಿಗೆ ನನ್ನ ಸಲಾಂ.

ಇದನ್ನು ಬದಲಿಸಿ ರೂಪಾಯಿಗೆ 100 ಪೈಸೆ ಮಾಡಲು ಸಂಸತ್ತು 1955ರಲ್ಲಿ ನಾಣ್ಯ ಕಾಯ್ದೆಗೆ ತಿದ್ದುಪಡಿ ತಂದಿತು. ಓದು ಬರಹ ಬಾರದ ಕೋಟ್ಯಂತರ ಜನ ದಿನವೂ ಕೈಯಲ್ಲಿ ಹಿಡಿಯುವ ದುಡ್ಡು ಇದು. ಮೋಸ ಹೋಗುತ್ತಿದ್ದೇವೆ ಎಂಬ ಅನುಮಾನ ಬಂದರೆ ಸಂತೆಯಲ್ಲೇ ಜಗಳ.

ಮೊದಲ ಎಚ್ಚರಿಕೆ, ರೂಪಾಯಿಯನ್ನು ಮುಟ್ಟಲಿಲ್ಲ. ಸಾಲ, ಸಂಬಳ, ಬಾಡಿಗೆ ಎಲ್ಲ ಹಾಗೇ ಉಳಿದವು. ಎಂಟಾಣೆಗೆ ಸರಿಯಾಗಿ 50, ನಾಲ್ಕಾಣೆಗೆ 25. ಹಳೆಯ ನಾಣ್ಯಗಳನ್ನು ತಕ್ಷಣ ರದ್ದು ಮಾಡದೆ ಹೊಸದರ ಜೊತೆ ನಡೆಯಲು ಬಿಟ್ಟರು. ಹಳೆಯ ಪೈಸೆಯೊಂದಿಗೆ ಗೊಂದಲವಾಗದಂತೆ ಹೊಸದಕ್ಕೆ 'ನಯಾ ಪೈಸೆ' ಎಂದು ಹೆಸರಿಟ್ಟು, ಅದು ರೂಪಾಯಿಯ ನೂರನೇ ಒಂದು ಭಾಗ ಎಂದು ನಾಣ್ಯದ ಮೇಲೇ ಹಿಂದಿಯಲ್ಲಿ ಬರೆದರು. ಒಂದು ಪೈಸೆ ದುಂಡಗೆ, ಐದು ಪೈಸೆ ಚೌಕ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ.

ಕಷ್ಟ ಇದ್ದದ್ದು ಚಿಲ್ಲರೆಯಲ್ಲಿ. ಒಂದಾಣೆ ಎಂದರೆ ಆರೂಕಾಲು ನಯಾಪೈಸೆ. ಕಾಲು ಪೈಸೆಯ ನಾಣ್ಯವೇ ಇಲ್ಲ! ಒಂದಾಣೆಯ ಚಹಾಕ್ಕೆ ಅಂಗಡಿಯವನು 7 ಕೇಳಿದ ಎಂದುಕೊಳ್ಳಿ. ಲೋಟಕ್ಕೆ ಮುಕ್ಕಾಲು ಪೈಸೆ ಹೆಚ್ಚು, ನೂರು ಲೋಟಕ್ಕೆ 75 ಪೈಸೆ, ಅಂದರೆ ಹನ್ನೆರಡಾಣೆ ಕೂತಲ್ಲೇ ಲಾಭ. 6 ತೆಗೆದುಕೊಂಡರೆ ನೂರು ಲೋಟಕ್ಕೆ ಅವನಿಗೇ ನಾಲ್ಕಾಣೆ ನಷ್ಟ. ರೂಪಾಯಿಗಳಲ್ಲಿ ವ್ಯವಹಾರ ಮಾಡುವವರಿಗೆ ಇದು ತಟ್ಟುವುದಿಲ್ಲ. ಒಂದಾಣೆ ಎರಡಾಣೆಯಲ್ಲಿ ಎಣ್ಣೆ, ಉಪ್ಪು ತರುವ ಮನೆಗೆ ದಿನಕ್ಕೆ ಹತ್ತು ಸಲ ತಟ್ಟುತ್ತದೆ.

ಅದಕ್ಕೇ ಸರ್ಕಾರ ಪರಿವರ್ತನೆ ಪಟ್ಟಿ ಪ್ರಕಟಿಸಿತು. ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಡುವುದು, ಹೆಚ್ಚಿದ್ದರೆ ಒಂದು ಪೈಸೆ ಸೇರಿಸುವುದು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19. ಸರಿಯಾಗಿ ಅರ್ಧ ಬಂದಾಗ ನಾವು ಗಣಿತದಲ್ಲಿ ಮೇಲಕ್ಕೆ ಏರಿಸುತ್ತೇವೆ, ಇಲ್ಲಿ ಕೆಳಕ್ಕೆ ಇಳಿಸಿದ್ದಾರೆ. ಕೊಳ್ಳುವವನ ಕಡೆಗೆ ಸ್ವಲ್ಪ ವಾಲಿದ ಈ ಸಣ್ಣ ನಿಯಮ ನನಗೆ ಇಡೀ ಯೋಜನೆಯಲ್ಲೇ ತುಂಬ ಹಿಡಿಸಿತು. ಪಟ್ಟಿಯಲ್ಲೂ ಒಂದು ತಮಾಷೆ ಇದೆ: ನಾಲ್ವರು ಬೇರೆ ಬೇರೆ ಒಂದಾಣೆ ಕೊಟ್ಟರೆ 24, ಒಬ್ಬನೇ ನಾಲ್ಕಾಣೆ ಕೊಟ್ಟರೆ 25.

ಸೇರು, ಮಣ, ತೊಲಗಳನ್ನೂ ಅದೇ ದಿನ ಬದಲಿಸಬಹುದಿತ್ತು. ಆದರೆ ಕಿಲೋ ತೂಕದ ಬಳಕೆ ಶುರುವಾದದ್ದು 1958ರ ಅಕ್ಟೋಬರ್‌ನಲ್ಲಿ, ಅದೂ ಹಂತಹಂತವಾಗಿ. ದುಡ್ಡು, ತಕ್ಕಡಿ ಎರಡೂ ಒಂದೇ ಬೆಳಿಗ್ಗೆ ಬದಲಾಗಿದ್ದರೆ ಯಾರ ಲೆಕ್ಕವನ್ನು ಯಾರು ನಂಬಬೇಕಿತ್ತು?

ಜನರಿಗೆ ರೂಢಿಯಾದ ಮೇಲೆ, 1964ರ ಜೂನ್ 1ರಿಂದ 'ನಯಾ' ಪದ ಕೈಬಿಟ್ಟರು. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಆಣೆ ಮಾತ್ರ ಬಾಯಲ್ಲಿ ಉಳಿದಿದೆ: ನಮ್ಮ ಮನೆಯ ಉರ್ದುವಿನಲ್ಲಿ 'ಸೋಲಾ ಆನೆ ಸಚ್', ತರಗತಿಯ ಕನ್ನಡದಲ್ಲಿ 'ಹದಿನಾರಾಣೆ ಸತ್ಯ'.